ಗಂಟೆಯ ಪಕ್ಕದಲ್ಲೇ ಅಯಸ್ಕಾಂತ

ಕೇಳುಗರಿಗೆ ನಮಸ್ಕಾರ.

ಕಂಚಿನ ತಟ್ಟೆ ಕೈಜಾರಿ ಬಿದ್ದರೆ ಠಣ್ ಅನ್ನುತ್ತದೆ. ಆಮೇಲೂ ಸ್ವಲ್ಪ ಹೊತ್ತು ಗುಂಯ್‌ಗುಡುತ್ತಲೇ ಇರುತ್ತದೆ. ಅಂಗೈ ಇಟ್ಟರೆ ತಟಕ್ಕನೆ ಸುಮ್ಮನಾಗುತ್ತದೆ. ಬಟ್ಟೆ ಹಾಕಿದರೂ ಸದ್ದು ಅಡಗುತ್ತದೆ, ಆದರೆ ಅಡಗುವ ಬಗೆ ಬೇರೆ. ಕಣ್ಣು ಮುಚ್ಚಿ ಕೇಳಿದರೂ ತಟ್ಟೆಯ ಮೇಲೆ ಏನೋ ಇದೆ ಅಂತ ಗೊತ್ತಾಗುತ್ತದೆ, ಅಲ್ವಾ? ಮೈಕ್ರೋವೇವ್ ರೆಸೊನೇಟರ್ ಮಾಡುವುದೂ ಇದನ್ನೇ. ಅಲ್ಲಿ ಸದ್ದಿನ ಬದಲು ಮೈಕ್ರೋವೇವ್ ತರಂಗ ಮೊಳಗುತ್ತದೆ.

ನೋಡಲು ಅದು ಉಗುರಿನಷ್ಟು ದೊಡ್ಡ ಚಿಪ್. ಅದರ ಮೇಲೆ ತೆಳು ಲೋಹದ ಪೊರೆ. ಪೊರೆಯಲ್ಲಿ ಕೂದಲಿಗಿಂತ ಸಣ್ಣ ಪಟ್ಟಿಯೊಂದು ಹಾವಿನ ಹಾಗೆ ಸುತ್ತಿಕೊಂಡು ಹೋಗಿರುತ್ತದೆ. ಬಿಡಿಸಿದರೆ ಅದರ ಉದ್ದ 1 ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಅಷ್ಟಿದ್ದರೆ 5 ಗಿಗಾಹರ್ಟ್ಸ್ ಸ್ವರ ಹೊರಡುತ್ತದೆ. ಪರೀಕ್ಷೆ ಮಾಡಬೇಕಾದ ಹರಳನ್ನು ಸುಮ್ನೆ ಅದರ ಮೇಲೆ ಇಟ್ಟರಾಯಿತು.

ಪೊರೆಗೆ ತಾಮ್ರವೇ ಸಾಲದೇ? ತಾಮ್ರದಲ್ಲಿ ವಿದ್ಯುತ್ತಿಗೆ ಅಡ್ಡಿ ಇದೆ, ಮೊಳಗು ಬೇಗ ಸಾಯುತ್ತದೆ. ನಯೋಬಿಯಂ ಲೋಹವನ್ನು 9 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಮೈನಸ್ 264 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ, ತಂಪು ಮಾಡಿದರೆ ಅದು ಅತಿವಾಹಕವಾಗುತ್ತದೆ, ಆ ಅಡ್ಡಿ ಬಹುತೇಕ ಇಲ್ಲವಾಗುತ್ತದೆ. ಆಗ 5 ಗಿಗಾಹರ್ಟ್ಸ್ ಸ್ವರದ ಅಗಲ, ಅಂದರೆ ಅದು ಹರಡಿಕೊಳ್ಳುವ ವ್ಯಾಪ್ತಿ, ಬರೀ 50 ಕಿಲೋಹರ್ಟ್ಸ್‌ಗೆ ಇಳಿಯಬಹುದು. ಸ್ವರ ಲಕ್ಷದಲ್ಲಿ ಒಂದು ಪಾಲು ಸರಿದರೂ ಸಿಕ್ಕಿಬೀಳುತ್ತದೆ.

ಇಷ್ಟು ಸೂಕ್ಷ್ಮ ಕಿವಿಯಿಂದ ಕೇಳುವುದೇನನ್ನು? ಮುಖ್ಯವಾಗಿ ಎಲೆಕ್ಟ್ರಾನ್‌ಗಳ ಸ್ಪಿನ್ ಅನ್ನು. ಈ ಗುಣದಿಂದಾಗಿ ಒಂದೊಂದು ಎಲೆಕ್ಟ್ರಾನೂ ಪುಟಾಣಿ ಅಯಸ್ಕಾಂತ. 1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಅದು ಸುಮಾರು 28 ಗಿಗಾಹರ್ಟ್ಸ್ ತರಂಗವನ್ನು ಹೀರುತ್ತದೆ. ಈ ಹೀರುವಿಕೆಯನ್ನು ಮೊದಲು ಕಂಡವರು ಭೌತವಿಜ್ಞಾನಿ ಜವೋಯಿಸ್ಕಿ, 1944ರಲ್ಲಿ, ರಷ್ಯಾದ ಕಜಾನ್‌ನಲ್ಲಿ. ನಮ್ಮ ಚಿಪ್ಪಿನ ಸ್ವರ 5 ಗಿಗಾಹರ್ಟ್ಸ್ ತಾನೇ? ಹಾಗಾದರೆ ಕ್ಷೇತ್ರವನ್ನು ನಿಧಾನವಾಗಿ ಏರಿಸುತ್ತಾ 0.18 ಟೆಸ್ಲಾದ ಹತ್ತಿರ ಬಂದಾಗ ಹರಳಿನ ಸ್ಪಿನ್‌ಗಳು ಶಕ್ತಿ ಹೀರುತ್ತವೆ, ಮೊಳಗು ಕುಗ್ಗುತ್ತದೆ.

ಎಡವಟ್ಟಾಗುವುದು ಇಲ್ಲೇ. ಅತಿವಾಹಕಕ್ಕೂ ಅಯಸ್ಕಾಂತಕ್ಕೂ ಆಗಿಬರುವುದಿಲ್ಲ. ಅತಿವಾಹಕ ಕಾಂತಕ್ಷೇತ್ರವನ್ನು ಹೊರಗೆ ದೂಡುತ್ತದೆ ಎಂದು ಜರ್ಮನ್ ವಿಜ್ಞಾನಿಗಳಾದ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ 1933ರಲ್ಲೇ ತೋರಿಸಿದರು. ದೂಡಲು ಆಗದಿದ್ದಾಗ ನಯೋಬಿಯಂನಂಥ ಲೋಹದೊಳಗೆ ಕ್ಷೇತ್ರ ಸಣ್ಣ ಸಣ್ಣ ಸುಳಿಗಳಾಗಿ ನುಸುಳುತ್ತದೆ. ಸುಳಿಯ ನಡುಭಾಗ ಅತಿವಾಹಕವಲ್ಲ. ಮೈಕ್ರೋವೇವ್ ಬಂದಾಗಲೆಲ್ಲ ಸುಳಿಗಳು ಅಲುಗಾಡಿ ಶಕ್ತಿ ತಿನ್ನುತ್ತವೆ. ತಟ್ಟೆಯ ಮೇಲೆ ಅಂಗೈ ಇಟ್ಟಂತೆಯೇ!

ಪರಿಹಾರ ತೀರಾ ಸರಳ. ಚಿಪ್ಪನ್ನು ಕ್ಷೇತ್ರದ ದಿಕ್ಕಿಗೇ ಮಲಗಿಸಿಬಿಡುವುದು. ಪೊರೆಯ ದಪ್ಪ 100 ನ್ಯಾನೊಮೀಟರ್ ಆಸುಪಾಸು, ಹಾಗೆ ಮಲಗಿದರೆ ಸುಳಿ ಕೂರಲು ಜಾಗವೇ ಇಲ್ಲ. ಬೇರೆ ದಾರಿಗಳೂ ಇವೆ: ಕ್ಷೇತ್ರವನ್ನು ಹೆಚ್ಚು ತಾಳುವ, ಲೋಹಕ್ಕೆ ನೈಟ್ರೋಜನ್ ಸೇರಿಸಿ ಮಾಡಿದ ನೈಟ್ರೈಡ್ ಪೊರೆಗಳಿವೆ, ಸುಳಿಗಳನ್ನು ಹಿಡಿದು ಕೂರಿಸಲು ಕೊರೆಯುವ ತೂತುಗಳೂ ಇವೆ. ಆದರೂ ನನ್ನನ್ನು ಕೇಳಿದರೆ, ಮೊದಲು ನೆಟ್ಟಗೆ ಮಲಗಿಸುವುದನ್ನು ಕಲಿಯಬೇಕು.

ಯಾಕೆಂದರೆ ವಾಲಿದರೆ ಕಷ್ಟ. ಅರ್ಧ ಟೆಸ್ಲಾದಲ್ಲಿ ಒಂದೇ ಒಂದು ಡಿಗ್ರಿ ವಾಲಿದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 40 ಲಕ್ಷ ಸುಳಿಗಳು! ಬರಿಗಣ್ಣಿಗೆ ಚಿಪ್ ಸರಿಯಾಗಿಯೇ ಕೂತಿರುತ್ತದೆ. ಇನ್ನೂ ತಮಾಷೆ ಅಂದರೆ, ಕ್ಷೇತ್ರ ಇಳಿಸಿದರೂ ಸುಳಿಗಳು ಪೂರ್ತಿ ಹೊರಡುವುದಿಲ್ಲ. ಅಲ್ಲಲ್ಲಿ ಅಂಟಿಕೊಂಡು ಕೂರುತ್ತವೆ. ಕ್ಷೇತ್ರ ಏರುವಾಗ ಪರದೆಯ ಮೇಲೆ ಸ್ವರ ಬರೆದ ಗೆರೆ ಒಂದು, ಇಳಿಯುವಾಗ ಬರೆದದ್ದು ಇನ್ನೊಂದು. ಅವನ್ನು ಓಡಿಸಬೇಕಾದರೆ ಎಲ್ಲವನ್ನೂ 9 ಕೆಲ್ವಿನ್ ದಾಟಿಸಿ ಬಿಸಿ ಮಾಡಿ, ಮತ್ತೆ ತಂಪು ಮಾಡಬೇಕು. ನಾನು ಒಂದು ರಾತ್ರಿ ಆತುರಪಟ್ಟು ಕ್ಷೇತ್ರವನ್ನು ಜಾಸ್ತಿ ಏರಿಸಿ, ಬೆಳಗಿನವರೆಗೆ ಇದನ್ನೇ ಮಾಡುತ್ತಾ ಕೂತಿದ್ದೆ.

ಚಿಪ್ ತಾನೇ ಕ್ಷೇತ್ರಕ್ಕೆ ಮಿಡುಕುವಾಗ, ಕಂಡದ್ದು ಹರಳಿನ ಸುದ್ದಿಯೋ ಚಿಪ್ಪಿನ ಸುದ್ದಿಯೋ? ಚಿಪ್ಪಿನದು ಮೆಲ್ಲಗೆ ಬಾಗುವ ಗೆರೆ. ಸ್ಪಿನ್ನಿನದು ಒಂದೇ ಕಡೆ ಬೀಳುವ ಚೂಪು ಗುಳಿ. ಪೊರೆಯ ಅಂಚಿನಲ್ಲಿ ಕ್ಷೇತ್ರವೂ ಒಂಚೂರು ಬೇರೆಯಾಗಿರುವುದರಿಂದ ಕ್ಷೇತ್ರ ಅಳೆಯುವ ಮೀಟರನ್ನು ನಂಬುವಂತಿಲ್ಲ. ಅದಕ್ಕೇ ಹರಳಿನ ಪಕ್ಕದಲ್ಲಿ ಡಿಪಿಪಿಎಚ್ ಎಂಬ ಪುಡಿಯ ಒಂದು ಕಣ ಇಡುತ್ತಾರೆ. ಅದರ ಗುಳಿ ಎಲ್ಲಿ ಬೀಳಬೇಕೆಂದು ಮೊದಲೇ ಗೊತ್ತು. ಕ್ಷೇತ್ರ ಏರುತ್ತದೆ, ಪರದೆಯ ಮೇಲೆ ಗೆರೆ ಸರಿಯುತ್ತದೆ, ಪುಡಿಯ ಗುಳಿ ಬಂದು ಹೋಗುತ್ತದೆ. ಆಮೇಲೆ ಇನ್ನೊಂದು ಗುಳಿ ಬಿದ್ದರೆ, ಅದು ಹರಳಿನದು.

ನಮಸ್ಕಾರ.