ಟೊಂಕ ನೋವು: ಸೂಜಿಯ ತಪ್ಪೆಷ್ಟು, ಡಿಸ್ಕಿನ ತಪ್ಪೆಷ್ಟು?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಅರಿವಳಿಕೆ ಡಾಕ್ಟರ್ ಅಂತ ಗೊತ್ತಾದರೆ ಸಾಕು, ಮದುವೆ ಊಟದ ಸಾಲಿನಲ್ಲೂ ಒಂದು ದೂರು ಬರುತ್ತದೆ. "ಹೆರಿಗೆ ಆಪರೇಷನ್‌ದಾಗ ಟೊಂಕಕ್ಕ ಸೂಜಿ ಚುಚ್ಚಿದ್ರಿ, ಅವತ್ತಿನಿಂದ ಟೊಂಕ ಹಿಡದದ ನೋಡ್ರಿ." ಸೂಜಿ ನೆನಪಿನಲ್ಲಿ ಉಳಿಯುತ್ತದೆ. ಒಂಬತ್ತು ತಿಂಗಳು ಹೊತ್ತ ಭಾರ, ಆಮೇಲೆ ಬಗ್ಗಿ ಕೂತು ಹಾಲು ಕುಡಿಸಿದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಸಂಶೋಧಕರು ಈ ದೂರನ್ನು ಸುಮ್ನೆ ತಳ್ಳಿಹಾಕಲಿಲ್ಲ. ಹೆರಿಗೆ ನೋವಿಗೆ ಎಪಿಡ್ಯೂರಲ್ (ಬೆನ್ನಿಗೆ ಸೂಜಿ ಚುಚ್ಚಿ ಕೊಡುವ ನೋವಿನ ಮದ್ದು) ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ತಿಂಗಳುಗಟ್ಟಲೆ ಗಮನಿಸಿದರು. ಬಹಳ ದಿನ ಉಳಿಯುವ ಟೊಂಕ ನೋವು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಎಪಿಡ್ಯೂರಲ್ ಸೂಜಿಯಂತೂ, ಹೆರಿಗೆ ಆಪರೇಷನ್‌ಗೆ ಟೊಂಕಕ್ಕೆ ಚುಚ್ಚುವ ನಮ್ಮ ಸ್ಪೈನಲ್ ಸೂಜಿಗಿಂತ ದಪ್ಪ. ಚುಚ್ಚಿದ ಜಾಗ ನಾಲ್ಕಾರು ದಿನ ನೋಯುವುದು ನಿಜ. ವರ್ಷಗಟ್ಟಲೆ ಕಾಡುವ ನೋವಿಗೆ ಬೇರೆ ಕಾರಣ ಹುಡುಕಬೇಕು.

ಹಾಗಂತ ಸೂಜಿ ಪೂರ್ತಿ ಸಾಚಾ ಅಲ್ಲ. ಅದು ಕೊಡುವ ತೊಂದರೆ ತಲೆಗೆ. 1898ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್, ಬೆನ್ನುಹುರಿಯ ಸುತ್ತಲಿನ ನೀರಿಗೆ ಕೊಕೇನ್ ಬಿಟ್ಟು ಕಾಲಿನ ಆಪರೇಷನ್ ಮಾಡಿದ. ಆಮೇಲೆ ಸಹಾಯಕ ಹಿಲ್ಡೆಬ್ರಾಂಟ್‌ನಿಂದ ತನ್ನ ಬೆನ್ನಿಗೇ ಸೂಜಿ ಹಾಕಿಸಿಕೊಂಡ. ಸಿರಿಂಜ್ ಸೂಜಿಗೆ ಸರಿಯಾಗಿ ಕೂರಲಿಲ್ಲ, ನೀರೆಲ್ಲ ಸೋರಿತು. ಸರದಿ ಹಿಲ್ಡೆಬ್ರಾಂಟ್‌ನದಾಯಿತು. ಅವನ ಮೊಣಕಾಲ ಕೆಳಗಿನ ಎಲುಬಿಗೆ ಸುತ್ತಿಗೆಯಿಂದ ಹೊಡೆದರು, ನೋವೇ ಇಲ್ಲ! ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಒಪ್ಪದ ಪ್ರಯೋಗ ಬಿಡಿ. ಆಮೇಲೆ ಇಬ್ಬರಿಗೂ ತಲೆನೋವು. ಬಿಯರ್‌ಗಂತೂ ಎದ್ದು ಕೂತರೆ ಜೋರು, ಮಲಗಿದರೆ ಕಡಿಮೆ. ನೀರು ಸೋರಿದ್ದೇ ಕಾರಣ ಅಂತ ಅವನೇ ಊಹಿಸಿದ. ಅದಕ್ಕೇ ಈಗ ತೆಳು ಸೂಜಿ, ಪೆನ್ಸಿಲ್ ಮೊನೆಯಂಥ ತುದಿ. ಆ ತಲೆನೋವು ತುಂಬಾ ಕಡಿಮೆಯಾಗಿದೆ.

ಇನ್ನು ಎಂ.ಆರ್.ಐ. ರಿಪೋರ್ಟ್. ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲ ಅದನ್ನು ಹಿಡಿದು ಬರುತ್ತಾನೆ. 'ಡಿಸ್ಕ್ ಬಲ್ಜ್', ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಬರೆದಿದೆ, ಇನ್ನು ದುಡಿಮೆ ಮುಗಿಯಿತು ಅನ್ನೋ ಭಯ. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನರಿಗೆ ಸ್ಕ್ಯಾನ್ ಮಾಡಿದಾಗ 52% ಜನರಲ್ಲಿ ಬಲ್ಜ್ ಕಂಡಿತು. ಆರಾಮಾಗಿ ಓಡಾಡುವವರಲ್ಲೇ ಅರ್ಧಕ್ಕಿಂತ ಜಾಸ್ತಿ! ಹಾಗಾಗಿ ಬರೀ ಚಿತ್ರ ನೋಡಿ ಚಿಕಿತ್ಸೆ ನಿರ್ಧರಿಸಬಾರದು. ಕಾಲಿಗೆ ಇಳಿಯುವ ನೋವು, ಜೋಮು, ಶಕ್ತಿ ಇವನ್ನು ಕೈಯಾರೆ ಪರೀಕ್ಷೆ ಮಾಡಬೇಕು.

ಹೊರಬಂದ ಡಿಸ್ಕ್ ಎಷ್ಟೋ ಸಲ ತಾನೇ ಕರಗುತ್ತದೆ. ವಿಚಿತ್ರ ಅಂದರೆ, ದೊಡ್ಡ ತುಂಡೇ ಕರಗುವುದು ಹೆಚ್ಚು. ದೇಹದ ರಕ್ಷಣಾ ಕಣಗಳು ಅದನ್ನು ತಿಂದುಹಾಕುತ್ತವೆ. ಮೊದಲು ಪಪ್ಪಾಯಿ ಹಾಲಿನ ಕಿಣ್ವ ಚುಚ್ಚಿ ಡಿಸ್ಕ್ ಕರಗಿಸುತ್ತಿದ್ದರು. ಕೆಲವರಿಗೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಿದ್ದರಿಂದ ಅದು ಹಿಂದೆ ಸರಿಯಿತು.

ಆಪರೇಷನ್ ಬೇಕೇ? 2007ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಡಿಸ್ಕಿನಿಂದ ತೀವ್ರ ಕಾಲುನೋವು ಬಂದ 283 ಜನರಲ್ಲಿ ಬೇಗ ಆಪರೇಷನ್ ಮಾಡುವುದನ್ನೂ ಕಾಯುವುದನ್ನೂ ಹೋಲಿಸಿ ನೋಡಿದರು. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ವರ್ಷ ಕಳೆದ ಮೇಲೆ ಎರಡೂ ಗುಂಪು ಸಮ. ಕಾದವರಲ್ಲಿ 39% ಜನರಿಗೆ ಕೊನೆಗೆ ಆಪರೇಷನ್ ಬೇಕಾಯಿತು, ಅದನ್ನೂ ಹೇಳಬೇಕು. ನೋವು ತಡೆಯಬಲ್ಲವರು ಕಾಯಬಹುದು, ತಡೆಯಲಾರದವರು ಮಾಡಿಸಿಕೊಳ್ಳಬಹುದು.

ಕಾಯಲೇಬಾರದ ಸಂದರ್ಭವೂ ಇದೆ. ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಜೋಮು ಹಿಡಿದರೆ, ಎರಡೂ ಕಾಲು ಸೋತರೆ, ಎಣ್ಣೆ ತಿಕ್ಕುತ್ತಾ ಬೆಳಗಿನವರೆಗೆ ಕೂರಬೇಡಿ. ಸೇಡಂ ಇರಲಿ, ಆಳಂದ ಇರಲಿ, ಅದೇ ರಾತ್ರಿ ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಬನ್ನಿ.