ಲ ಮಾನ್ ರೆಪ್ಲಿಕಾ: ಹದಿನೆಂಟು ಪುಶ್‌ರಾಡ್‌ಗಳ ಎಂಜಿನ್

ಕೇಳುಗರಿಗೆ ನಮಸ್ಕಾರ.

ಫ್ರೇಜರ್ ನ್ಯಾಶ್ ಲ ಮಾನ್ ರೆಪ್ಲಿಕಾ, ಇಂಗ್ಲೆಂಡಿನ ಹಳೆಯ ರೇಸ್ ಕಾರು. ಹೆಸರಲ್ಲಿ ರೆಪ್ಲಿಕಾ ಎಂದಿದ್ದರೂ ಇದು ನಕಲು ಕಾರಲ್ಲ. 1949ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಗಳ ರೇಸ್ ನಡೆದಾಗ ನಾರ್ಮನ್ ಕಲ್ಪನ್, ಎಚ್. ಜೆ. ಆಲ್ಡಿಂಗ್ಟನ್ ಜೋಡಿಯ ಫ್ರೇಜರ್ ನ್ಯಾಶ್ ಮೂರನೆಯದಾಗಿ ಬಂತು. ಅಂಥದ್ದೇ ಕಾರನ್ನು ಗಿರಾಕಿಗೂ ಕಟ್ಟಿಕೊಡುತ್ತೇವೆ ಎಂಬರ್ಥದಲ್ಲಿ ಇಂಗ್ಲೆಂಡಿನ ಐಸಲ್‌ವರ್ತ್‌ನ ಕಾರ್ಖಾನೆ ಆ ಹೆಸರಿಟ್ಟಿತು. ತಯಾರಾದದ್ದು 34 ಮಾತ್ರ. 1951ರಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೊ ರೇಸನ್ನು ಫ್ರಾಂಕೊ ಕೊರ್ತೇಸೆ ಗೆದ್ದದ್ದು ಫ್ರೇಜರ್ ನ್ಯಾಶ್‌ನಲ್ಲೇ. ಮರುವರ್ಷ ಅಮೆರಿಕದ ಸೆಬ್ರಿಂಗ್‌ನ 12 ಗಂಟೆಗಳ ರೇಸೂ ಇದರ ಪಾಲಾಯಿತು.

ಚಾಸಿ, ಅಂದರೆ ಕಾರಿನ ಚೌಕಟ್ಟು, ಸರಳ: ಎರಡು ದಪ್ಪ ಕೊಳವೆ, ಮುಂದೆ ಅಡ್ಡಲಾಗಿ ಲೀಫ್ ಸ್ಪ್ರಿಂಗ್, ಹಿಂದೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್. ಜಾಣತನವೆಲ್ಲ ಎಂಜಿನ್ನಿನ ಹೆಡ್ಡಿನಲ್ಲಿ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲಿದೆ.

ಬ್ರಿಸ್ಟಲ್ ಕಂಪನಿಯ ಈ 1971 ಸಿಸಿ, ಆರು ಸಿಲಿಂಡರ್ ಎಂಜಿನ್ನಿನ ಮೂಲ ಯುದ್ಧಕ್ಕೆ ಮೊದಲಿನ ಬಿಎಂಡಬ್ಲ್ಯು 328. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಒಂದೇ, ಅದೂ ಕೆಳಗೆ ಬ್ಲಾಕಿನಲ್ಲಿ. ಆದರೂ ಅರ್ಧಗೋಳದ ದಹನಕೋಶದ ಎರಡೂ ಕಡೆ ವಾಲ್ವ್‌ಗಳು ಓರೆಯಾಗಿ ಕೂತಿವೆ. ಹೇಗೆ? ಹನ್ನೆರಡು ಪುಶ್‌ರಾಡ್, ಅಂದರೆ ತಳ್ಳುವ ಸರಳು, ಕೆಳಗಿನಿಂದ ಮೇಲೆ ಬರುತ್ತವೆ. ಅವುಗಳಲ್ಲಿ ಆರು, ಇನ್‌ಲೆಟ್ ವಾಲ್ವ್‌ಗಳನ್ನು ರಾಕರ್ ಎಂಬ ಸನ್ನೆಯ ಮೂಲಕ ಒತ್ತುತ್ತವೆ. ಉಳಿದ ಆರು, ಹೆಡ್ಡಿನ ಆಚೆ ಬದಿಗೆ ಮಲಗಿರುವ ಇನ್ನೂ ಆರು ಗಿಡ್ಡ ಪುಶ್‌ರಾಡ್‌ಗಳನ್ನು ತಳ್ಳುತ್ತವೆ. ಅವು ಇನ್ನೊಂದು ರಾಕರ್ ಮೂಲಕ ಎಕ್ಸಾಸ್ಟ್ ವಾಲ್ವ್ ತೆರೆಯುತ್ತವೆ. ಎಷ್ಟು ಸೊಗಸಾದ ಉಪಾಯ!

ಆದರೆ ಕೀಲು ಹೆಚ್ಚಿದಷ್ಟೂ ಸವೆತ ಹೆಚ್ಚು. ಹಾಗಾಗಿ ಟ್ಯೂನಿಂಗ್‌ನಲ್ಲಿ ಟ್ಯಾಪೆಟ್ ಕೆಲಸವೇ, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಗ್ಯಾಪ್ ಸರಿಪಡಿಸುವುದೇ ಮೊದಲು. ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಯಾದಾಗ ಹೆಡ್ ಹೆಚ್ಚು ಹಿಗ್ಗಿ ಗ್ಯಾಪ್ ದೊಡ್ಡದಾಗುತ್ತದೆ. ಎಂಜಿನ್ ಬೆಚ್ಚಗಿರುವಾಗಲೇ ತಣ್ಣನೆಯ ಅಳತೆಗೆ ಸೆಟ್ ಮಾಡಿದರೆ, ತಣ್ಣಗಾದ ಮೇಲೆ ವಾಲ್ವ್ ಪೂರ್ತಿ ಕೂರದೆ ಕಂಪ್ರೆಷನ್ ಸೋರುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ರಾತ್ರಿಯಿಡೀ ಆರಲು ಬಿಡಿ. ಅಳೆಯುವ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಗ್ಯಾಪ್ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜನ್ನು ವಾಲ್ವ್ ತುದಿಯಲ್ಲಿ ತೂರಿಸಿ ನೋಡಿ.

ಆಮೇಲೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಗಳಿಗೆ. ಕೊನೆಗೆ, ಹೆಡ್ಡಿನ ನೆತ್ತಿಯ ಮೇಲಿರುವ ಗಾಳಿಗೆ ಪೆಟ್ರೋಲ್ ಬೆರೆಸುವ ಮೂರು ಸೋಲೆಕ್ಸ್ ಕಾರ್ಬುರೇಟರ್. ಲಿಂಕೇಜ್ ಸಡಿಲಿಸಿ, ಐಡ್ಲಿಂಗ್‌ನಲ್ಲಿ ಮೂರೂ ಒಂದೇ ಸಮ ಗಾಳಿ ಎಳೆಯುವಂತೆ ಮಾಡಿ, ಮೂರೂ ಥ್ರಾಟಲ್ ಒಟ್ಟಿಗೆ ತೆರೆಯುವ ಹಾಗೆ ಮತ್ತೆ ಬಿಗಿಯಿರಿ. ಸ್ವಲ್ಪ ಓಡಿಸಿ ಪ್ಲಗ್ ಬಿಚ್ಚಿ. ಅಕ್ಕಪಕ್ಕದ ಎರಡು ಪ್ಲಗ್ ಕಪ್ಪಗಿದ್ದರೆ ಅವಕ್ಕೆ ಪೆಟ್ರೋಲ್ ಕೊಡುವ ಕಾರ್ಬುರೇಟರ್ ನೋಡಿ. ಒಂದೇ ಪ್ಲಗ್ ಕೆಟ್ಟಿದ್ದರೆ ಕಾರ್ಬುರೇಟರ್ ಮುಟ್ಟಬೇಡಿ. ಆ ಸಿಲಿಂಡರಿನ ಟ್ಯಾಪೆಟ್ಟನ್ನೇ ಮತ್ತೆ ಅಳೆಯಿರಿ.

ನಮಸ್ಕಾರ.