ಗದ್ದೆಯ ನೀರಿನಿಂದ ರಕ್ತನಾಳದವರೆಗೆ: ಇಲಿ ಜ್ವರದ ಬ್ಯಾಕ್ಟೀರಿಯಾ

ಕೃಷಿಕ ಬಂಧುಗಳೇ, ಆಶಾ ಕಾರ್ಯಕರ್ತೆಯರೇ, ವಿದ್ಯಾರ್ಥಿ ಮಿತ್ರರೇ,

ಬ್ಯಾಕ್ಟೀರಿಯಾ ಎಂದೊಡನೆ ರೋಗ ನೆನಪಾಗುವುದು ಸಹಜ. ಆದರೆ ನಮ್ಮ ಕರುಳು, ಚರ್ಮ, ಬಾಯಿಗಳಲ್ಲಿ ಹೆಚ್ಚುಕಡಿಮೆ ನಮ್ಮ ಸ್ವಂತ ಜೀವಕೋಶಗಳಷ್ಟೇ ಸಂಖ್ಯೆಯ ಬ್ಯಾಕ್ಟೀರಿಯಾಗಳು ಸದಾ ವಾಸವಾಗಿದ್ದು, ಅವುಗಳಲ್ಲಿ ಬಹುಪಾಲು ನಮಗೆ ತೊಂದರೆ ಕೊಡುವುದಿಲ್ಲ. ರೋಗ ತರುವ ಕೆಲವು ಜಾತಿಗಳೂ ಒಂದೇ ದಾರಿ ಹಿಡಿಯುವುದಿಲ್ಲ. ಧನುರ್ವಾಯುವಿನ ಬ್ಯಾಕ್ಟೀರಿಯಾ ಗಾಯದಲ್ಲೇ ಉಳಿದು ತನ್ನ ವಿಷವನ್ನು ಮಾತ್ರ ನರಗಳ ಮೂಲಕ ಮೇಲಕ್ಕೆ ಕಳಿಸುತ್ತದೆ; ಕಾಲರಾದ್ದು ಕರುಳಿನ ಒಳಪದರಕ್ಕೆ ಅಂಟಿಕೊಂಡು ಅಲ್ಲಿಂದಲೇ ದೇಹದ ನೀರನ್ನೆಲ್ಲ ಹೊರಹರಿಸುತ್ತದೆ. ನಾನು ಇಂದು ಹೇಳಹೊರಟಿರುವ ಲೆಪ್ಟೋಸ್ಪೈರಾ, ಅಂದರೆ ಇಲಿ ಜ್ವರದ ಬ್ಯಾಕ್ಟೀರಿಯಾ, ಇವೆರಡಕ್ಕಿಂತ ಬೇರೆ ಸ್ವಭಾವದ್ದು. ಅದು ಒಂದು ಕಡೆ ನಿಲ್ಲುವುದಿಲ್ಲ. ಒಳಹೊಕ್ಕ ಸ್ವಲ್ಪ ಹೊತ್ತಿನಲ್ಲೇ ರಕ್ತಕ್ಕಿಳಿದು ಮೈತುಂಬ ಹರಡುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಳೆಗಾಲಕ್ಕೂ ನಮ್ಮ ಗದ್ದೆ, ತೋಟ, ಕೊಟ್ಟಿಗೆಗಳ ಕೆಲಸಕ್ಕೂ ಈ ಬ್ಯಾಕ್ಟೀರಿಯಾಕ್ಕೂ ಇರುವ ನಂಟನ್ನು ಅರಿತರೆ, ಜ್ವರ ಬಂದವರನ್ನು ಮೊದಲು ಯಾವ ಪ್ರಶ್ನೆ ಕೇಳಬೇಕೆಂಬುದು ತಿಳಿಯುತ್ತದೆ.

1886ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ಜ್ವರ, ಕಾಮಾಲೆ, ಮೂತ್ರಪಿಂಡದ ತೊಂದರೆ ಒಟ್ಟಿಗೆ ಕಾಣಿಸಿಕೊಳ್ಳುವ ಕಾಯಿಲೆಯೊಂದನ್ನು ವಿವರಿಸಿದರು. ಅದಕ್ಕೆ ಕಾರಣವಾದ ಜೀವಿಯನ್ನು ಜಪಾನಿನ ಇನಾಡ ಮತ್ತು ಇಡೋ ಅವರು 1915ರ ಹೊತ್ತಿಗೆ ಗುರುತಿಸಿದರು. ಅಲ್ಲಿ ರೋಗಕ್ಕೆ ತುತ್ತಾಗುತ್ತಿದ್ದವರು ನೀರು ನಿಂತ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುವವರು. ಗಣಿಯಾಗಲಿ, ಭತ್ತದ ಗದ್ದೆಯಾಗಲಿ, ಬರಿಗಾಲು, ನಿಂತ ನೀರು ಮತ್ತು ಇಲಿ ಒಂದೆಡೆ ಸೇರುತ್ತವೆ ಎನ್ನುವುದೇ ಮುಖ್ಯ.

ಈ ಬ್ಯಾಕ್ಟೀರಿಯಾದ ಅಗಲ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಉದ್ದ ಅದರ ನೂರರಷ್ಟು. ಇಷ್ಟು ತೆಳುವಾಗಿರುವುದರಿಂದ ಲ್ಯಾಬಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಹಿನ್ನೆಲೆಯನ್ನು ಕತ್ತಲಾಗಿಸಿ ಓರೆ ಬೆಳಕು ಬಿಡುವ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಗಿಯಾಗಿ ಸುತ್ತಿದ, ತುದಿಗಳು ಕೊಕ್ಕೆಯಂತೆ ಬಾಗಿದ ಬೆಳ್ಳಿಯೆಳೆಗಳು ಗಿರಗಿರನೆ ತಿರುಗುತ್ತಿರುವುದು ಕಾಣುತ್ತದೆ. ಅದನ್ನು ಓಡಿಸುವ ಎರಡು ಕಶಾಂಗಗಳು, ಅಂದರೆ ಚಾವಟಿಯಂಥ ಎಳೆಗಳು, ಮೈಹೊರಗೆ ಚಾಚಿಕೊಂಡಿಲ್ಲ. ಹೊರಪೊರೆಯ ಒಳಗೇ ಅಡಗಿದ್ದು ಇಡೀ ದೇಹವನ್ನು ತಿರುಪುಮೊಳೆಯ ಹಾಗೆ ತಿರುಗಿಸುತ್ತವೆ. ಆದ್ದರಿಂದ ಇತರ ಬ್ಯಾಕ್ಟೀರಿಯಾಗಳು ಸಿಕ್ಕಿಹಾಕಿಕೊಳ್ಳುವಂಥ ಅಂಟಾದ ದ್ರವದಲ್ಲೂ ಇದು ಸಲೀಸಾಗಿ ಮುಂದೆ ಸಾಗಬಲ್ಲದು.

ಇದರ ಮುಖ್ಯ ಬಿಡಾರ ಇಲಿ, ಹೆಗ್ಗಣಗಳ ಮೂತ್ರಪಿಂಡ. ಅಲ್ಲಿನ ಸೂಕ್ಷ್ಮ ನಾಳಗಳ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿದರೂ ಇಲಿಗೆ ಏನೂ ಆಗುವುದಿಲ್ಲ. ಮೂತ್ರದ ಜೊತೆ ಬ್ಯಾಕ್ಟೀರಿಯಾ ಹೊರಬೀಳುತ್ತಲೇ ಇರುತ್ತದೆ. ದನ, ಹಂದಿ, ನಾಯಿಗಳಿಗೂ ಇದು ತಗಲುತ್ತದೆ. ಗಬ್ಬದ ಹಸು ಕಂದು ಹಾಕುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದಾದ್ದರಿಂದ, ಅಂಥ ಸಂದರ್ಭದಲ್ಲಿ ಕೊಟ್ಟಿಗೆಯನ್ನು ಬರಿಗೈಯಲ್ಲಿ ಬಳಿಯುವುದು ಸರಿಯಲ್ಲ. ಬಿಸಿಲಿಗೆ ಒಣಗಿದರೆ ಲೆಪ್ಟೋಸ್ಪೈರಾ ಬೇಗನೆ ಸಾಯುತ್ತದೆ. ಒದ್ದೆ ಮಣ್ಣು, ನಿಂತ ನೀರು, ಬೆಚ್ಚನೆಯ ಹವೆ ಸಿಕ್ಕರೆ ವಾರಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆಗುಂಬೆಯ ಮಗ್ಗುಲಲ್ಲಿರುವ ನಮ್ಮಲ್ಲಿ ಆಷಾಢ, ಶ್ರಾವಣಗಳಲ್ಲಿ ನೆಲ ಒಣಗುವುದೆಲ್ಲಿ ಬಂತು?

ಮೈಯೊಳಗೆ ಬರಲು ಅದಕ್ಕೆ ದೊಡ್ಡ ಗಾಯವೇನೂ ಬೇಕಿಲ್ಲ. ನಾಟಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ನೆನೆದು ಬಿಳಿಚಿಕೊಂಡ ಪಾದ, ಒಡೆದ ಹಿಮ್ಮಡಿ, ಬೆರಳ ಸಂದಿಯ ಕೆಸರು ಹುಣ್ಣು, ತೋಟದ ಬಸಿಗಾಲುವೆ ಬಿಡಿಸುವಾಗ ಕೈಗೆ ತಗಲಿದ ಗೀರು, ಇವಿಷ್ಟೇ ಸಾಕು. ಕಣ್ಣು, ಮೂಗು, ಬಾಯಿಗಳ ಒಳಪೊರೆಯೂ ಅದಕ್ಕೆ ಬಾಗಿಲೇ. ಹೊಕ್ಕ ಜಾಗದಲ್ಲಿ ಕೀವಾಗಲಿ ಊತವಾಗಲಿ ಇರುವುದಿಲ್ಲ. ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುವುದರಿಂದ, ಅಷ್ಟರಲ್ಲಿ ರೋಗಿಗೆ ಆ ಗೀರಿನ ನೆನಪೂ ಉಳಿದಿರುವುದಿಲ್ಲ.

ರಕ್ತಕ್ಕಿಳಿದ ಮೇಲೆ ಅದು ಹೇಗೆ ಉಳಿದುಕೊಳ್ಳುತ್ತದೆ ಎನ್ನುವ ಭಾಗವೇ ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ತೋರುತ್ತದೆ. ಅನೇಕ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಕೊಬ್ಬು ಮತ್ತು ಸಕ್ಕರೆ ಕೂಡಿದ ಒಂದು ಅಣು ಇರುತ್ತದೆ. ಅದನ್ನು ಕಂಡೊಡನೆ ಎಚ್ಚರಿಕೆಯ ಸಂಕೇತ ಕೊಡುವ ಗ್ರಾಹಕಗಳು ನಮ್ಮ ಬಿಳಿ ರಕ್ತಕಣಗಳ ಮೇಲಿವೆ. ಲೆಪ್ಟೋಸ್ಪೈರಾದಲ್ಲೂ ಆ ಅಣು ಇದೆಯಾದರೂ ಅದರ ರಚನೆ ಕೊಂಚ ಬೇರೆಯಾಗಿರುವುದರಿಂದ ಮನುಷ್ಯನ ಆ ಗ್ರಾಹಕಕ್ಕೆ ಅದರ ಗುರುತು ಸಿಗುವುದಿಲ್ಲ. ಇಲಿಯ ಹತ್ತಿರದ ಸಂಬಂಧಿಯಾದ ಸುಂಡಿಲಿಯ ಗ್ರಾಹಕ ಇದೇ ಅಣುವನ್ನು ಗುರುತಿಸಬಲ್ಲದು. ಇದಲ್ಲದೆ, ರೋಗಾಣುಗಳನ್ನು ಕೊಲ್ಲಲು ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ದಾಳಿಯಿಂದ ನಮ್ಮದೇ ಜೀವಕೋಶಗಳನ್ನು ಕಾಪಾಡುವ ಪ್ರೋಟೀನೊಂದನ್ನು ಸೆಳೆದು ತನ್ನ ಮೈಗೆ ಅಂಟಿಸಿಕೊಂಡು, ಈ ಬ್ಯಾಕ್ಟೀರಿಯಾ ಆ ದಾಳಿಯಿಂದಲೂ ತಪ್ಪಿಸಿಕೊಳ್ಳುತ್ತದೆ.

ಹೀಗೆ ಉಳಿದುಕೊಂಡ ಬ್ಯಾಕ್ಟೀರಿಯಾದಿಂದ ಹಾನಿಯಾಗುವುದು ಮುಖ್ಯವಾಗಿ ಸಣ್ಣ ರಕ್ತನಾಳಗಳ ಒಳಗೋಡೆಗೆ. ಅಲ್ಲಿನ ಜೀವಕೋಶಗಳ ನಡುವಿನ ಬೆಸುಗೆ ಸಡಿಲಗೊಂಡು ನಾಳಗಳು ಸೋರತೊಡಗುತ್ತವೆ. ಕಣ್ಣಿನ ಬಿಳಿಯ ಭಾಗ ಪಿಸುರಿಲ್ಲದೆ ಕೆಂಪಡರುತ್ತದೆ. ಮೀನಖಂಡವನ್ನು ಒತ್ತಿದರೆ ರೋಗಿ ಹೌಹಾರುವಷ್ಟು ನೋಯುತ್ತದೆ. ಎಲ್ಲ ರೋಗಿಗಳಲ್ಲಿ ಇಲ್ಲದಿದ್ದರೂ, ಈ ಎರಡು ಲಕ್ಷಣ ಜೊತೆಯಾಗಿ ಕಂಡರೆ ಇಲಿ ಜ್ವರವನ್ನು ಶಂಕಿಸಲೇಬೇಕು. ಹೆಚ್ಚಿನವರಲ್ಲಿ ಕಾಯಿಲೆ ಇಲ್ಲಿಗೇ ಇಳಿಮುಖವಾಗುತ್ತದೆ. ಕೆಲವರಲ್ಲಿ ಮಾತ್ರ ಮೂತ್ರಪಿಂಡ ಕೆಲಸ ನಿಲ್ಲಿಸುವುದು, ಕಾಮಾಲೆ ಕಾಣಿಸಿಕೊಳ್ಳುವುದು, ಶ್ವಾಸಕೋಶದೊಳಗೆ ರಕ್ತ ಒಸರುವುದು ಹೀಗೆ ಉಲ್ಬಣಿಸುತ್ತದೆ; ಇವುಗಳಲ್ಲಿ ಕೊನೆಯದು ಬಹಳ ಬೇಗ ಪ್ರಾಣಕ್ಕೆ ಎರವಾಗಬಲ್ಲದು.

ಕಾಮಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಣ್ಣು ಹಳದಿಯಾಯಿತೆಂದರೆ ನಾಟಿ ಔಷಧಿ ಕೊಡುವವರ ಮನೆ ಹುಡುಕುವುದು ನಮ್ಮ ಕಡೆಯ ವಾಡಿಕೆ. ಅವರ ಮೇಲೆ ನನಗೆ ಅಗೌರವವಿಲ್ಲ. ಆದರೆ ಇಲಿ ಜ್ವರದ ಕಾಮಾಲೆಯಲ್ಲಿ ಯಕೃತ್ತಿಗಿಂತ ಹೆಚ್ಚಾಗಿ ಮೂತ್ರಪಿಂಡ, ಶ್ವಾಸಕೋಶಗಳಿಂದಲೇ ಜೀವಕ್ಕೆ ಅಪಾಯ. ಪಥ್ಯದಲ್ಲಿ ಕಳೆಯುವ ನಾಲ್ಕು ದಿನ ಆಸ್ಪತ್ರೆಯಲ್ಲಿ ಕಳೆಯಬೇಕಾದ ದಿನಗಳೇ ಆಗಿರುತ್ತವೆ.

ರಕ್ತ ಪರೀಕ್ಷೆಯಲ್ಲೂ ಒಂದು ತೊಡಕಿದೆ. ಬ್ಯಾಕ್ಟೀರಿಯಾ ರಕ್ತದಲ್ಲಿ ಇರುವುದು ಜ್ವರದ ಮೊದಲ ವಾರದಲ್ಲಿ. ಸಾಮಾನ್ಯ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಅಳತೆಗೆ ಸಿಗುವಷ್ಟಾಗಲು ಐದಾರು ದಿನವಾದರೂ ಬೇಕು. ಹೀಗಾಗಿ ಜ್ವರದ ಮೂರನೆಯ ದಿನ ವರದಿ ನೆಗೆಟಿವ್ ಬಂದರೆ ಇಲಿ ಜ್ವರ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಅನುಭವಿ ವೈದ್ಯರು ವರದಿಗೆ ಕಾಯದೆ ಔಷಧಿ ಆರಂಭಿಸುವುದು ಇದೇ ಕಾರಣಕ್ಕೆ. ಕಳೆದ ಎರಡು ವಾರಗಳಲ್ಲಿ ಗದ್ದೆ, ತೋಟ, ಚರಂಡಿ, ಕೊಟ್ಟಿಗೆ ಯಾವ ಕೆಲಸ ಮಾಡಿದಿರಿ ಎಂಬ ಪ್ರಶ್ನೆಗೆ ಆಗ ಲ್ಯಾಬಿನ ಕಾಗದಕ್ಕಿಂತ ಬೆಲೆ ಹೆಚ್ಚು.

ಅದೇ ಪ್ರಶ್ನೆಗೆ ಉತ್ತರವಾಗಿ ರೋಗಿ ಸೊಪ್ಪಿನಬೆಟ್ಟದ ಹೆಸರೆತ್ತಿದರೆ ಯೋಚನೆ ಬೇರೆ ಕಡೆಗೂ ಹರಿಯಬೇಕು. ದರಗು ಗುಡಿಸುವಾಗ, ಸೊಪ್ಪು ಕಡಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಗಳು ಮೈಗೆ ಹತ್ತಿ ಕಚ್ಚಿದರೆ ಸ್ಕ್ರಬ್ ಟೈಫಸ್ ಬರಬಹುದು. ಓರಿಯೆಂಟಿಯಾ ಎಂಬ ಆ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗಲ್ಲದೆ ಬೇರೆಲ್ಲೂ ಬೆಳೆಯಲಾರದು. ಕಂಕುಳು, ತೊಡೆಸಂದಿ, ಸೊಂಟದ ಪಟ್ಟಿಯ ಅಡಿ, ಸ್ತನದ ಕೆಳಗೆ ಹೀಗೆ ಮುಚ್ಚಿದ ಜಾಗಗಳಲ್ಲಿ, ಬೀಡಿ ಸುಟ್ಟಂತೆ ಕಾಣುವ, ನೋವಿಲ್ಲದ ಕಪ್ಪು ಹೊಪ್ಪಳೆಯೊಂದು ಕೆಲವರಲ್ಲಿ ಸಿಗುತ್ತದೆ. ಹುಡುಕದಿದ್ದರೆ ಕಾಣುವುದಿಲ್ಲ, ಸಂಕೋಚದಿಂದ ರೋಗಿಯೂ ಹೇಳುವುದಿಲ್ಲ. ಇಲಿ ಜ್ವರಕ್ಕೆ ಪೆನ್ಸಿಲಿನ್ ನಾಟುತ್ತದೆ, ಇದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಎರಡಕ್ಕೂ ಆಗುತ್ತದೆ. ಗರ್ಭಿಣಿಯರಿಗೆ ವೈದ್ಯರು ಬೇರೆ ಔಷಧಿ ಆರಿಸುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವ ವೈರಸ್ ರೋಗವಾದ್ದರಿಂದ ಈ ಯಾವ ಆ್ಯಂಟಿಬಯಾಟಿಕ್ಕೂ ಅದಕ್ಕೆ ಉಪಯೋಗವಿಲ್ಲ.

ಒಮ್ಮೆ ಇಲಿ ಜ್ವರ ಬಂದವರಿಗೆ ಮತ್ತೆ ಬರುವುದೇ ಎಂದು ಹಲವರು ಕೇಳುತ್ತಾರೆ. ಬರಬಹುದು. ರೋಗಕಾರಕ ಲೆಪ್ಟೋಸ್ಪೈರಾದಲ್ಲಿ 250ಕ್ಕೂ ಹೆಚ್ಚು ಬಗೆಗಳಿದ್ದು, ಒಂದು ಬಗೆಯ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಇನ್ನೊಂದನ್ನು ತಡೆಯುವುದು ಕಡಿಮೆ. ಎಲ್ಲಕ್ಕೂ ಆಗುವ ಲಸಿಕೆ ಇನ್ನೂ ಕೈಗೂಡದಿರುವುದಕ್ಕೂ ಇದೇ ಮುಖ್ಯ ಕಾರಣ. ಆದ್ದರಿಂದ ಹಿಂದಿನ ವರ್ಷ ಜ್ವರದಿಂದ ಎದ್ದು ಬಂದವರೂ ಈ ವರ್ಷ ನಾಟಿಗೆ ಇಳಿಯುವಾಗ ಗಮ್‌ಬೂಟು ಹಾಕಿಕೊಳ್ಳುವುದು, ಕಾಲಿನ ಒಡಕಿಗೆ ಪಟ್ಟಿ ಕಟ್ಟಿಕೊಳ್ಳುವುದು ತಪ್ಪಿದ್ದಲ್ಲ.